ಹೆಸರು ಹೆಸರಾಗಿಯೇ ಸೇರಲಿ: ಡೇಟಾಬೇಸ್‌ಗೆ ರೆಕಾರ್ಡ್ ಹಾಕುವ ಸುರಕ್ಷಿತ ವಿಧಾನ

ಗ್ರಂಥಾಲಯದ ಸದಸ್ಯರ ನೋಂದಣಿಗೆಂದು ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೀರಿ ಎಂದುಕೊಳ್ಳಿ. ರಮೇಶ, ಸಾವಿತ್ರಿ, ಅಬ್ದುಲ್ ಎಲ್ಲರ ಹೆಸರೂ ತಕರಾರಿಲ್ಲದೆ ಡೇಟಾಬೇಸ್ ಸೇರುತ್ತದೆ. ಮಂಗಳೂರು ಕಡೆಯವರೊಬ್ಬರು ಬಂದು ಡಿ'ಸೋಜಾ ಎಂದು ತುಂಬಿದ ಕೂಡಲೇ ಪರದೆಯ ಮೇಲೆ ಸಿಂಟ್ಯಾಕ್ಸ್ ಎರರ್. ಡಿ'ಸಿಲ್ವಾ, ಡಿ'ಮೆಲ್ಲೊ, ಡಿ'ಕುನ್ಹಾ ಎಂದರೂ ಅದೇ ಗತಿ.

ಇಂಥ ಹೊತ್ತಿನಲ್ಲಿ ಎಷ್ಟೋ ಕಡೆ ಸಿಗುವ ಪರಿಹಾರ ಒಂದೇ: "ನಡುವಿನ ಆ ಚಿಹ್ನೆ ಬಿಟ್ಟು ಟೈಪ್ ಮಾಡಿ." ಅಲ್ಲಿಗೆ ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ನಿಮ್ಮ ಟೇಬಲ್‌ನಲ್ಲಿ ಇನ್ನೊಂದು ಹೆಸರು. ಮುಂದೆ ಹುಡುಕಿದರೆ ಸಿಗುವುದಿಲ್ಲ, ದಾಖಲೆಗಳು ತಾಳೆಯಾಗುವುದಿಲ್ಲ. ಒಬ್ಬರ ಹೆಸರನ್ನು ಪ್ರೋಗ್ರಾಂಗೆ ತಕ್ಕಂತೆ ಕತ್ತರಿಸುವುದು ತಪ್ಪು. ತಿದ್ದಬೇಕಾದದ್ದು ನಮ್ಮ ಕೋಡ್. ತಿದ್ದುವುದೂ ಕಷ್ಟವಲ್ಲ: ಪ್ಯಾರಾಮೀಟರ್ ಇರುವ ಕ್ವೆರಿ ಬರೆಯುವುದನ್ನು ರೂಢಿಸಿಕೊಂಡರೆ ಸಾಕು. ಹೆಸರಿನ ತೊಂದರೆಯ ಜೊತೆಗೇ ಡೇಟಾಬೇಸಿಗೆ ಇರುವ ಬಹು ದೊಡ್ಡ ಅಪಾಯವೂ ಅದರಿಂದ ದೂರವಾಗುತ್ತದೆ.

ಒಂದು ಸೂಚನೆ: ಈ ಲೇಖನದ ಕೋಡ್ ಸಾಲುಗಳನ್ನು ಓದಲು ಸುಲಭವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕಂಪ್ಯೂಟರಿನಲ್ಲಿ ಬರೆಯುವಾಗ ಕಮಾಂಡ್ ಮತ್ತು ಫಂಕ್ಷನ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಚಿಹ್ನೆಗಳು ಇಲ್ಲಿ ಇರುವಂತೆಯೇ ಇರಲಿ.

ತೊಂದರೆ ಎಲ್ಲಿ ಹುಟ್ಟುತ್ತದೆ?

ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಬರೆಯುವ ಸಾಲು ಹೀಗಿರುತ್ತದೆ:

ಕ್ವೆರಿ = "ಇನ್ಸರ್ಟ್ ಇಂಟು ಸದಸ್ಯರು (ಹೆಸರು, ಊರು) ವ್ಯಾಲ್ಯೂಸ್ ('" + ಹೆಸರು + "', '" + ಊರು + "')"

ಬಳಕೆದಾರರು ಕೊಟ್ಟ ಪದಗಳನ್ನು ಎಸ್‌ಕ್ಯೂಎಲ್ ವಾಕ್ಯದೊಳಕ್ಕೆ ಪ್ಲಸ್ ಚಿಹ್ನೆಯಿಂದ ಅಂಟಿಸಿದ್ದೇವೆ. ಡೇಟಾಬೇಸ್ ತಲುಪುವ ಹೊತ್ತಿಗೆ ಅದು ಹೀಗಾಗುತ್ತದೆ:

ಇನ್ಸರ್ಟ್ ಇಂಟು ಸದಸ್ಯರು (ಹೆಸರು, ಊರು) ವ್ಯಾಲ್ಯೂಸ್ ('ಡಿ'ಸೋಜಾ', 'ಮಂಗಳೂರು')

ಎಸ್‌ಕ್ಯೂಎಲ್‌ನಲ್ಲಿ ಸಿಂಗಲ್ ಕೋಟ್ ಎಂದರೆ ಪಠ್ಯದ ಆರಂಭ ಅಥವಾ ಅಂತ್ಯ. ಡೇಟಾಬೇಸ್ 'ಡಿ' ಎಂಬಲ್ಲಿಗೇ ಹೆಸರು ಮುಗಿಯಿತೆಂದು ತಿಳಿಯುತ್ತದೆ. ಉಳಿದ 'ಸೋಜಾ' ಅದರ ಪಾಲಿಗೆ ಅರ್ಥವಾಗದ ಕಮಾಂಡ್. ಆದ್ದರಿಂದಲೇ ಎರರ್.

ಎರರ್ ಬಂದು ನಿಂತರೆ ಅಷ್ಟಕ್ಕೇ ಮುಗಿಯಿತು. ಎರರ್ ಬಾರದೆ ಹೋದಾಗಲೇ ನಿಜವಾದ ಅಪಾಯ. ನಿಮ್ಮ ಟೇಬಲ್‌ನಲ್ಲಿ 'ಅಧಿಕಾರ' ಎಂಬ ಮೂರನೆಯ ಕಾಲಂ ಇದೆ, ಹೊಸಬರಿಗೆಲ್ಲ ಅದರಲ್ಲಿ 'ಸದಸ್ಯ' ಎಂದು ಕೋಡ್ ತಾನಾಗಿ ತುಂಬುತ್ತದೆ ಎಂದಿಟ್ಟುಕೊಳ್ಳಿ. ಕಿಡಿಗೇಡಿಯೊಬ್ಬ ಊರಿನ ಜಾಗದಲ್ಲಿ ಇಷ್ಟು ಬರೆಯುತ್ತಾನೆ:

ಉಡುಪಿ', 'ಅಡ್ಮಿನ್') --

ಅಂಟಿಸಿದ ವಾಕ್ಯ ಈಗ ಹೀಗಿರುತ್ತದೆ:

ವ್ಯಾಲ್ಯೂಸ್ ('ಯಾರೋ', 'ಉಡುಪಿ', 'ಅಡ್ಮಿನ್') --', 'ಸದಸ್ಯ')

ಎರಡು ಅಡ್ಡಗೆರೆಗಳ ನಂತರದ ಭಾಗವನ್ನು ಡೇಟಾಬೇಸ್ ಟಿಪ್ಪಣಿಯೆಂದು ಬಿಟ್ಟುಬಿಡುತ್ತದೆ. ವ್ಯಾಕರಣ ಸರಿ, ಎರರ್ ಇಲ್ಲ. ನೋಂದಣಿಗೆ ಬಂದವನು ಅಡ್ಮಿನ್ ಆಗಿ ಒಳಗೆ ಕೂತ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ.

ಈ ಬಿರುಕು ಹಳೆಯದು. ಎಸ್‌ಕ್ಯೂಎಲ್ ಭಾಷೆಯನ್ನು ಐಬಿಎಂನಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1970ರ ದಶಕದಲ್ಲಿ ರೂಪಿಸಿದರು. 1998ರ ಡಿಸೆಂಬರ್‌ನಲ್ಲಿ ಜೆಫ್ ಫಾರಿಸ್ಟಲ್ ಈ ಬಗೆಯ ದಾಳಿಯನ್ನು ಫ್ರ್ಯಾಕ್ ಪತ್ರಿಕೆಯಲ್ಲಿ ವಿವರಿಸಿದರು. ಅದಾಗಿ ಹದಿನೇಳು ವರ್ಷ ಕಳೆದ ಮೇಲೆ, 2015ರಲ್ಲಿ, ಬ್ರಿಟನ್ನಿನ ದೂರಸಂಪರ್ಕ ಕಂಪನಿ ಟಾಕ್‌ಟಾಕ್ ಇದೇ ದಾಳಿಗೆ ತುತ್ತಾಯಿತು. 1,56,959 ಗ್ರಾಹಕರ ವೈಯಕ್ತಿಕ ಮಾಹಿತಿ ಬಯಲಾಯಿತು. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 2016ರಲ್ಲಿ ಕಂಪನಿಗೆ 4 ಲಕ್ಷ ಪೌಂಡ್ ದಂಡ ಹಾಕಿತು. ಪರಿಹಾರ ಗೊತ್ತಿದ್ದೂ ಬಳಸದೆ ಹೋಗಿದ್ದಕ್ಕೆ ತೆತ್ತ ಬೆಲೆ ಇದು.

ಪ್ಯಾರಾಮೀಟರ್ ಏಕೆ ಕೆಲಸ ಮಾಡುತ್ತದೆ?

ಬ್ಯಾಂಕಿನ ಚಲನ್ ನೆನಪಿಸಿಕೊಳ್ಳಿ. 'ಹೆಸರು', 'ಮೊತ್ತ', 'ದಿನಾಂಕ' ಎಂಬ ಖಾನೆಗಳು ಮೊದಲೇ ಅಚ್ಚಾಗಿರುತ್ತವೆ. ಹೆಸರಿನ ಖಾನೆಯಲ್ಲಿ ನೀವು "ಈ ಖಾತೆ ಮುಚ್ಚಿ" ಎಂದು ಬರೆದರೂ ಗುಮಾಸ್ತರು ಖಾತೆ ಮುಚ್ಚುವುದಿಲ್ಲ. ಆ ಖಾನೆಯಲ್ಲಿ ಇರುವುದೆಲ್ಲ ಹೆಸರು ಮಾತ್ರ.

ಪ್ಯಾರಾಮೀಟರ್ ಇರುವ ಕ್ವೆರಿಯೂ ಹಾಗೆಯೇ. ಡೇಟಾಬೇಸ್ ಒಂದು ಎಸ್‌ಕ್ಯೂಎಲ್ ವಾಕ್ಯವನ್ನು ಹಂತ ಹಂತವಾಗಿ ನಿರ್ವಹಿಸುತ್ತದೆ: ಮೊದಲು ವ್ಯಾಕರಣ ಬಿಡಿಸಿ ಓದುತ್ತದೆ, ಆಮೇಲೆ ಕೆಲಸದ ಯೋಜನೆ ಹಾಕುತ್ತದೆ, ಕೊನೆಗೆ ಜಾರಿ ಮಾಡುತ್ತದೆ. ಮೌಲ್ಯಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಂಥ ಪ್ಲೇಸ್‌ಹೋಲ್ಡರ್ ಇಟ್ಟು ಕಳಿಸಿದರೆ ವಾಕ್ಯದ ರೂಪ ಮೊದಲ ಹಂತದಲ್ಲೇ ಗಟ್ಟಿಯಾಗುತ್ತದೆ. ಬಳಕೆದಾರರು ಕೊಟ್ಟ ಮೌಲ್ಯ ಬರುವುದು ಆಮೇಲೆ, ಬೇರೆಯಾಗಿ. ಅಷ್ಟರಲ್ಲಿ ವ್ಯಾಕರಣ ಓದಿ ಮುಗಿದಿರುವುದರಿಂದ ಆ ಮೌಲ್ಯದಲ್ಲಿ ಕೋಟ್ ಇರಲಿ, ಅಡ್ಡಗೆರೆ ಇರಲಿ, ಡೇಟಾಬೇಸ್ ಅದನ್ನು ಕಮಾಂಡ್ ಎಂದು ಓದುವ ಸಂದರ್ಭವೇ ಬರುವುದಿಲ್ಲ.

ಕೆಲವು ಡ್ರೈವರ್‌ಗಳು ಮೌಲ್ಯವನ್ನು ಸರ್ವರ್‌ಗೆ ಬೇರೆಯಾಗಿ ಕಳಿಸದೆ, ತಾವೇ ಎಚ್ಚರಿಕೆಯಿಂದ ಕೋಟ್ ಹಾಕಿ ಸೇರಿಸುತ್ತವೆ. ಪೈಥಾನ್‌ನ ಸೈಕಾಪ್‌ಜಿ 2, ಮೈಎಸ್‌ಕ್ಯೂಎಲ್ ಜೊತೆ ಬಳಸುವ ಪಿಎಚ್‌ಪಿಯ ಪಿಡಿಒ ಇವುಗಳ ಮೂಲ ರೀತಿ ಹೀಗಿದೆ. ಆಗಲೂ ನೀವು ಬರೆಯುವ ಕೋಡ್ ಬದಲಾಗದು: ವಾಕ್ಯ ಒಂದು ಕಡೆ, ಮೌಲ್ಯ ಇನ್ನೊಂದು ಕಡೆ.

ಹಂತ ಹಂತವಾಗಿ: ಪೈಥಾನ್ ಮತ್ತು ಎಸ್‌ಕ್ಯೂಲೈಟ್

ಪೈಥಾನ್ ಇನ್‌ಸ್ಟಾಲ್ ಮಾಡಿದರೆ ಎಸ್‌ಕ್ಯೂಲೈಟ್ ಬಳಸುವ ಮಾಡ್ಯೂಲ್ ಜೊತೆಯಲ್ಲೇ ಬರುತ್ತದೆ. ಬೇರೆ ಸರ್ವರ್ ಬೇಕಿಲ್ಲ. ಆದ್ದರಿಂದ ಅಭ್ಯಾಸಕ್ಕೆ ಇದು ಅನುಕೂಲ.

1. ಟೇಬಲ್ ಅನ್ನು ಬಿಗಿಯಾಗಿ ರಚಿಸಿ. ಖಾಲಿ ಬಿಡಬಾರದ ಕಾಲಂಗಳಿಗೆ 'ನಾಟ್ ನಲ್' ಹಾಕಿ. ಎರಡು ಬಾರಿ ಬರಬಾರದ ಸದಸ್ಯ ಸಂಖ್ಯೆಗೆ 'ಯುನೀಕ್' ಹಾಕಿ. ಕೋಡ್ ಎಡವಿದರೂ ಟೇಬಲ್ ತಡೆಯುತ್ತದೆ.

2. ವಾಕ್ಯವನ್ನು ಬದಲಾಗದ ಪಠ್ಯವಾಗಿ ಬರೆಯಿರಿ. ಎಷ್ಟು ಮೌಲ್ಯಗಳೋ ಅಷ್ಟು ಪ್ರಶ್ನಾರ್ಥಕ ಚಿಹ್ನೆ:

ಕ್ವೆರಿ = "ಇನ್ಸರ್ಟ್ ಇಂಟು ಸದಸ್ಯರು (ಹೆಸರು, ಊರು, ಸೇರಿದ_ದಿನ) ವ್ಯಾಲ್ಯೂಸ್ (?, ?, ?)"

ಕಾಲಂ ಹೆಸರುಗಳನ್ನು ತಪ್ಪದೆ ಬರೆಯಿರಿ. ಅವನ್ನು ಬಿಟ್ಟರೂ ಇಂದು ಕೆಲಸ ನಡೆದೀತು, ಆದರೆ ನಾಳೆ ಟೇಬಲ್‌ಗೆ ಒಂದು ಕಾಲಂ ಸೇರಿಸಿದ ದಿನ ಕೋಡ್ ಮುರಿಯುತ್ತದೆ.

3. ಮೌಲ್ಯಗಳನ್ನು ಅದೇ ಕ್ರಮದಲ್ಲಿ ಜೋಡಿಸಿ.

ಮೌಲ್ಯಗಳು = (ಹೆಸರು, ಊರು, ದಿನ)

ಕಾಲಂಗಳು ಹತ್ತಾರು ಇದ್ದರೆ ಕ್ರಮ ತಪ್ಪುವುದು ಸುಲಭ. ಆಗ ಪ್ರಶ್ನಾರ್ಥಕದ ಬದಲು :ಹೆಸರು, :ಊರು ಎಂದು ಕೋಲನ್ ಹಾಕಿದ ಹೆಸರುಗಳನ್ನು ಬಳಸಿ ಡಿಕ್ಷನರಿಯಲ್ಲಿ ಮೌಲ್ಯ ಕೊಡಿ.

4. ಎರಡನ್ನೂ ಬೇರೆ ಬೇರೆಯಾಗಿ ಕಳಿಸಿ.

ಕನೆಕ್ಷನ್.ಎಕ್ಸಿಕ್ಯೂಟ್(ಕ್ವೆರಿ, ಮೌಲ್ಯಗಳು)

ಇಡೀ ವಿಧಾನದ ಜೀವಾಳ ಇಲ್ಲಿರುವ ಅಲ್ಪವಿರಾಮ. ಪ್ಲಸ್ ಇಲ್ಲ, ಪರ್ಸೆಂಟ್ ಇಲ್ಲ, ಎಫ್-ಸ್ಟ್ರಿಂಗ್ ಇಲ್ಲ.

5. ಕಮಿಟ್ ಮಾಡಿ.

ಕನೆಕ್ಷನ್.ಕಮಿಟ್()

ಇದಿಲ್ಲದೆ ಪ್ರೋಗ್ರಾಂ ಮುಚ್ಚಿದರೆ ಹಾಕಿದ ರೆಕಾರ್ಡ್ ಉಳಿಯುವುದಿಲ್ಲ. ನಡುವೆ ಎರರ್ ಬಂದರೆ ಕಮಿಟ್ ಬದಲು ರೋಲ್‌ಬ್ಯಾಕ್ ಮಾಡಬೇಕು. 'ವಿತ್ ಕನೆಕ್ಷನ್' ಎಂಬ ಬ್ಲಾಕಿನೊಳಗೆ ಬರೆದರೆ ಎರಡನ್ನೂ ಪೈಥಾನ್ ತಾನೇ ನೋಡಿಕೊಳ್ಳುತ್ತದೆ. ಆದರೆ ಆ ಬ್ಲಾಕ್ ಮುಗಿದರೂ ಕನೆಕ್ಷನ್ ತೆರೆದೇ ಇರುತ್ತದೆ. ಅದನ್ನು ನೀವೇ ಮುಚ್ಚಬೇಕು.

6. ಹೊಸ ರೆಕಾರ್ಡಿನ ಸಂಖ್ಯೆ ಪಡೆಯಿರಿ. ಎಕ್ಸಿಕ್ಯೂಟ್ ಮರಳಿಸುವ ಕರ್ಸರಿನಲ್ಲಿ 'ಲಾಸ್ಟ್‌ರೋಐಡಿ' ಸಿಗುತ್ತದೆ. ಟೇಬಲ್‌ನ ಅತಿ ದೊಡ್ಡ ಸಂಖ್ಯೆಯನ್ನು ಹುಡುಕಿ "ಇದೇ ನನ್ನದು" ಎಂದುಕೊಳ್ಳಬೇಡಿ. ಅಷ್ಟರಲ್ಲಿ ಇನ್ನೊಬ್ಬರು ರೆಕಾರ್ಡ್ ಹಾಕಿರಬಹುದು.

7. ಒಟ್ಟಿಗೆ ಅನೇಕ ರೆಕಾರ್ಡ್ ಇದ್ದರೆ 'ಎಕ್ಸಿಕ್ಯೂಟ್‌ಮೆನಿ' ಬಳಸಿ. ಮೌಲ್ಯಗಳ ಪಟ್ಟಿಯನ್ನು ಕೊಟ್ಟು, ಕೊನೆಯಲ್ಲಿ ಒಂದೇ ಕಮಿಟ್ ಮಾಡಿ. ಪ್ರತಿ ಕಮಿಟ್‌ನಲ್ಲೂ ಮಾಹಿತಿ ಡಿಸ್ಕ್ ತಲುಪುವವರೆಗೆ ಎಸ್‌ಕ್ಯೂಲೈಟ್ ಕಾಯುತ್ತದೆ. ಸಾವಿರ ರೆಕಾರ್ಡಿಗೆ ಸಾವಿರ ಸಲ ಕಾಯುವುದಕ್ಕೂ ಒಮ್ಮೆ ಕಾಯುವುದಕ್ಕೂ ವೇಗದಲ್ಲಿ ಬಹಳ ಅಂತರವಿದೆ. ಮೇಲಾಗಿ, ಅರ್ಧ ಪಟ್ಟಿ ಸೇರಿ ಅರ್ಧ ಉಳಿಯುವ ಅವಾಂತರವೂ ಇರುವುದಿಲ್ಲ.

ಬೇರೆ ಭಾಷೆಗಳಲ್ಲಿ

ತತ್ವ ಒಂದೇ, ಪ್ಲೇಸ್‌ಹೋಲ್ಡರ್‌ನ ಚಿಹ್ನೆ ಮಾತ್ರ ಬೇರೆ.

*ಜಾವಾ:* ಜೆಡಿಬಿಸಿಯಲ್ಲಿ 'ಪ್ರಿಪೇರ್ಡ್ ಸ್ಟೇಟ್‌ಮೆಂಟ್' ಬಳಸಿ. ಇಲ್ಲೂ ಪ್ರಶ್ನಾರ್ಥಕ ಚಿಹ್ನೆಯೇ. ಸೆಟ್‌ಸ್ಟ್ರಿಂಗ್(1, ಹೆಸರು) ಎಂದು ಮೌಲ್ಯ ಕೊಡಬೇಕು. ಎಣಿಕೆ ಸೊನ್ನೆಯಿಂದಲ್ಲ, 1ರಿಂದ ಆರಂಭ.

*ಪಿಎಚ್‌ಪಿ:* ಪಿಡಿಒ ಅಥವಾ ಮೈಎಸ್‌ಕ್ಯೂಎಲ್‌ಐ ಬಳಸಿ; ಮೊದಲು ಪ್ರಿಪೇರ್, ಆಮೇಲೆ ಎಕ್ಸಿಕ್ಯೂಟ್. ಹಳೆಯ ಪುಸ್ತಕಗಳಲ್ಲಿ ಕಾಣುವ 'ಮೈಎಸ್‌ಕ್ಯೂಎಲ್_ಕ್ವೆರಿ' ಬಳಗದ ಫಂಕ್ಷನ್‌ಗಳನ್ನು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲಿ ತೆಗೆದುಹಾಕಲಾಗಿದೆ. ಅಂಥ ಪಾಠಗಳನ್ನು ನೋಡಿ ಕಲಿಯಬೇಡಿ.

*ಪೋಸ್ಟ್‌ಗ್ರೆಎಸ್‌ಕ್ಯೂಎಲ್:* ಸರ್ವರ್‌ನ ಸ್ವಂತ ರೀತಿ $1, $2. ನೋಡ್‌ನ ಪೋಸ್ಟ್‌ಗ್ರೆಸ್ ಡ್ರೈವರ್ ಇದನ್ನೇ ಬಳಸುತ್ತದೆ. ಪೈಥಾನ್‌ನ ಸೈಕಾಪ್‌ಜಿಯಲ್ಲಿ ಪರ್ಸೆಂಟ್ ಚಿಹ್ನೆ ಮತ್ತು ಎಸ್ ಅಕ್ಷರದ ಜೋಡಿ. ಮೌಲ್ಯ ಸಂಖ್ಯೆಯಾಗಿರಲಿ, ದಿನಾಂಕವಾಗಿರಲಿ, ಈ ಜೋಡಿಯೇ ಬೇಕು. 'ಎಸ್' ಬದಲು 'ಡಿ' ಹಾಕಬಾರದು.

*ಡಾಟ್‌ನೆಟ್:* ಎಸ್‌ಕ್ಯೂಎಲ್ ಸರ್ವರ್‌ಗೆ @ಹೆಸರು ಎಂಬ ರೂಪ. ಮೈಕ್ರೋಸಾಫ್ಟ್ ಆ್ಯಕ್ಸೆಸ್ ಫೈಲಿಗೆ ಓಎಲ್‌ಇಡಿಬಿ ಮೂಲಕ ಬರೆಯುವ ಡಿಪ್ಲೊಮಾ ವಿದ್ಯಾರ್ಥಿಗಳು ಗಮನಿಸಿ: ಅಲ್ಲಿ ಪ್ಯಾರಾಮೀಟರಿನ ಹೆಸರಿಗೆ ಬೆಲೆಯಿಲ್ಲ, ಕ್ರಮಕ್ಕೆ ಮಾತ್ರ ಬೆಲೆ. ಕ್ರಮ ತಪ್ಪಿದರೆ ಊರಿನ ಕಾಲಂಗೆ ಹೆಸರು ಹೋಗಿ ಕೂರುತ್ತದೆ.

ಕನ್ನಡ ಪಠ್ಯ ಸೇರಿಸುವವರಿಗೆ

ಪ್ಯಾರಾಮೀಟರ್ ಬಳಸಿದರೂ ಕನ್ನಡದ ಬದಲು ???? ಎಂದು ಬರುವ ದೂರು ಸಾಮಾನ್ಯ. ಕಾರಣ ಹೆಚ್ಚಾಗಿ ಕಾಲಂ ಅಥವಾ ಕನೆಕ್ಷನ್‌ನ ಎನ್‌ಕೋಡಿಂಗ್.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಂ 'ಎನ್‌ವಾರ್‌ಚಾರ್' ಬಗೆಯದಾಗಿರಲಿ, ಪ್ಯಾರಾಮೀಟರಿಗೂ ಅದೇ ಬಗೆ ಹೇಳಿ. ವಾಕ್ಯಕ್ಕೆ ಅಂಟಿಸಿ ಬರೆಯುವವರು ಪ್ರತಿ ಕನ್ನಡ ಪದದ ಕೋಟ್‌ಗೆ ಮುನ್ನ ಇಂಗ್ಲಿಷಿನ ದೊಡ್ಡ 'ಎನ್' ಅಕ್ಷರ ಹಾಕಬೇಕು. ಒಂದು ಕಡೆ ಮರೆತರೂ ಹೆಸರು ಪ್ರಶ್ನಾರ್ಥಕಗಳ ಸಾಲಾಗುತ್ತದೆ. ಪ್ಯಾರಾಮೀಟರ್ ಬಳಸುವವರಿಗೆ ಆ ಗೊಡವೆಯೇ ಇಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಮತ್ತು ಕನೆಕ್ಷನ್ ಎರಡಕ್ಕೂ 'ಯುಟಿಎಫ್8ಎಂಬಿ4' ಎಂದು ಹೇಳಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ 3 ಬೈಟ್ ಸಾಕು, ಆದರೆ ಎಮೋಜಿಗೆ 4 ಬೇಕು. ವಿಳಾಸದ ಕೊನೆಗೆ ಒಂದು ಎಮೋಜಿ ಬಂದು ಇನ್ಸರ್ಟ್ ಮುರಿಯದಿರಲಿ.

ಕಾಲಂನ ಉದ್ದವನ್ನೂ ಉದಾರವಾಗಿ ಕೊಡಿ. 'ಕೃಷ್ಣ' ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಕ, ವಟ್ರಸುಳಿ, ಷ, ಹಲಂತ, ಣ ಸೇರಿ 5 ಚಿಹ್ನೆಗಳು. ಬೈಟ್ ಲೆಕ್ಕದಲ್ಲಿ 15. ಕೆಲವು ಡೇಟಾಬೇಸ್‌ಗಳು ಕಾಲಂ ಉದ್ದವನ್ನು ಚಿಹ್ನೆಗಳಲ್ಲಿ ಅಳೆಯುತ್ತವೆ, ಇನ್ನು ಕೆಲವು ಬೈಟ್‌ಗಳಲ್ಲಿ ಅಳೆಯುತ್ತವೆ. ಒರಾಕಲ್‌ನ 'ವಾರ್‌ಚಾರ್2' ಮೂಲ ಸೆಟ್ಟಿಂಗ್‌ನಲ್ಲಿ ಎಣಿಸುವುದು ಬೈಟ್. ಅಲ್ಲಿ 20 ಎಂದು ಕೊಟ್ಟರೆ 'ಕೃಷ್ಣ'ನ ಪಕ್ಕದಲ್ಲಿ ಅಪ್ಪನ ಹೆಸರಿಗೆ ಜಾಗ ಸಿಗುವುದಿಲ್ಲ.

ದಿನಾಂಕ, ಹಣ, ಖಾಲಿ ಜಾಗ

05/03/2024 ಎಂದರೆ ನಮಗೆ ಮಾರ್ಚ್ 5. ಅಮೆರಿಕದ ರೀತಿಗೆ ಹೊಂದಿಸಿದ ಸರ್ವರ್‌ಗೆ ಅದು ಮೇ 3. ಎರರ್ ಬಾರದೆ ತಪ್ಪು ದಿನ ಸೇರಿಬಿಡುತ್ತದೆ. ದಿನಾಂಕವನ್ನು ಪಠ್ಯವಾಗಿ ಕಳಿಸದೆ ದಿನಾಂಕದ ಬಗೆಯ ಪ್ಯಾರಾಮೀಟರ್ ಆಗಿ ಕಳಿಸಿದರೆ ಈ ಗೊಂದಲಕ್ಕೆ ಎಡೆಯಿಲ್ಲ. ಎಸ್‌ಕ್ಯೂಲೈಟ್‌ನಲ್ಲಿ ದಿನಾಂಕಕ್ಕೆಂದೇ ಬೇರೆ ಬಗೆ ಇಲ್ಲದ ಕಾರಣ 2024-03-05 ಎಂದು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಇಡಿ. ಹೀಗಿಟ್ಟರೆ ದಿನಾಂಕವಾರು ವಿಂಗಡಣೆಯೂ ಸರಿ ಬರುತ್ತದೆ.

ಹಣದ ಮೊತ್ತಕ್ಕೆ 'ಫ್ಲೋಟ್' ಬೇಡ, ಪೈಸೆಯಲ್ಲಿ ವ್ಯತ್ಯಾಸ ಬರುತ್ತದೆ. 'ಡೆಸಿಮಲ್' ಬಳಸಿ, ಇಲ್ಲವೇ ಮೊತ್ತವನ್ನು ಪೈಸೆಗಳಲ್ಲಿ ಪೂರ್ಣಾಂಕವಾಗಿ ಇಡಿ.

ಮಾಹಿತಿ ಇಲ್ಲದ ಜಾಗಕ್ಕೆ ಪೈಥಾನ್‌ನ 'ನನ್' ಮೌಲ್ಯವನ್ನೇ ಪ್ಯಾರಾಮೀಟರ್ ಆಗಿ ಕೊಡಿ. ಡ್ರೈವರ್ ಅದನ್ನು 'ನಲ್' ಮಾಡುತ್ತದೆ. ಎಫ್-ಸ್ಟ್ರಿಂಗ್‌ನಲ್ಲಿ ಅಂಟಿಸಿದರೆ ಫೋನ್ ನಂಬರಿನ ಕಾಲಂನಲ್ಲಿ ಆ ಪದವೇ ಪಠ್ಯವಾಗಿ ಕೂರುತ್ತದೆ.

ಸಾಮಾನ್ಯ ತಪ್ಪುಗಳು

*ಪ್ಲೇಸ್‌ಹೋಲ್ಡರ್ ಸುತ್ತ ಕೋಟ್ ಹಾಕುವುದು.* '?' ಎಂದು ಬರೆದರೆ ಅದು ಪ್ಲೇಸ್‌ಹೋಲ್ಡರ್ ಆಗಿ ಉಳಿಯದೆ ಕೇವಲ ಒಂದು ಪಠ್ಯವಾಗುತ್ತದೆ. ಮೌಲ್ಯಗಳ ಸಂಖ್ಯೆ ಹೊಂದುತ್ತಿಲ್ಲ ಎಂಬ ಎರರ್ ಬರುತ್ತದೆ.

*ಒಂದೇ ಮೌಲ್ಯ ಇದ್ದಾಗ ಅಲ್ಪವಿರಾಮ ಮರೆಯುವುದು.* ಪೈಥಾನ್‌ನಲ್ಲಿ (ಹೆಸರು,) ಎಂದೇ ಬರೆಯಬೇಕು. ಅಲ್ಪವಿರಾಮ ಬಿಟ್ಟು 'ಕೃಷ್ಣ' ಎಂದು ಕಳಿಸಿದರೆ ಒಂದು ಮೌಲ್ಯ ಬೇಕಾದಲ್ಲಿ 5 ಬಂದಿವೆ ಎಂದು ಎಸ್‌ಕ್ಯೂಲೈಟ್ ಮಾಡ್ಯೂಲ್ ದೂರುತ್ತದೆ. ಮೇಲೆ ಎಣಿಸಿದ ಆ ಐದು ಚಿಹ್ನೆಗಳೇ ಇವು.

*ಪ್ರಿಪೇರ್‌ನೊಳಗೇ ಅಂಟಿಸುವುದು.* ಪ್ರಿಪೇರ್("... ವ್ಯಾಲ್ಯೂಸ್ ('" + ಹೆಸರು + "')") ಎಂದು ಬರೆದರೆ ಹೆಸರಿಗೆ ಮಾತ್ರ ಪ್ರಿಪೇರ್ಡ್, ರಕ್ಷಣೆ ಏನೂ ಇಲ್ಲ. ಸ್ಟೋರ್ಡ್ ಪ್ರೊಸೀಜರ್ ಒಳಗೆ ವಾಕ್ಯ ಅಂಟಿಸಿ ಜಾರಿ ಮಾಡುವುದೂ ಇದೇ ತಪ್ಪು.

*ಕೈಯಿಂದ ಕೋಟ್ ಬದಲಿಸುವುದು.* ಒಂದು ಕೋಟ್ ಕಂಡಲ್ಲಿ ಎರಡು ಹಾಕಿದರೆ ಡಿ'ಸೋಜಾ ಸೇರಬಹುದು. ಆದರೆ ಕೋಟ್‌ನೊಳಗೆ ಇರದ ಸಂಖ್ಯೆಯ ಜಾಗಕ್ಕೆ ಅದರಿಂದ ರಕ್ಷಣೆಯಿಲ್ಲ. ನೂರು ಕಡೆಯಲ್ಲಿ ಒಂದು ಕಡೆ ಮರೆತರೆ ಆ ಒಂದೇ ಕಡೆ ಸಾಕು.

*ಟೇಬಲ್ ಅಥವಾ ಕಾಲಂ ಹೆಸರನ್ನು ಪ್ಯಾರಾಮೀಟರ್ ಮಾಡಲು ಹೋಗುವುದು.* ಪ್ಲೇಸ್‌ಹೋಲ್ಡರ್ ಇರುವುದು ಮೌಲ್ಯಗಳಿಗೆ ಮಾತ್ರ. ಟೇಬಲ್ ಹೆಸರು ಬದಲಾಗಲೇಬೇಕಾದರೆ, ಒಪ್ಪಿಗೆಯಿರುವ ಹೆಸರುಗಳ ಪಟ್ಟಿಯನ್ನು ಕೋಡ್‌ನಲ್ಲೇ ಇಟ್ಟು ಅದರಿಂದ ಮಾತ್ರ ಆರಿಸಿ.

ಎಚ್ಚರಿಕೆಗಳು

ಪ್ಯಾರಾಮೀಟರ್ ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಉಳಿದ ಕೆಲಸಗಳು ನಿಮ್ಮವು.

1. ಹತ್ತು ಅಂಕಿಯ ಜಾಗದಲ್ಲಿ ಎಂಟೇ ಅಂಕಿ ಕೊಟ್ಟರೆ ಪ್ಯಾರಾಮೀಟರ್ ಅದನ್ನು ಹಾಗೆಯೇ ಸೇರಿಸುತ್ತದೆ. ಮೌಲ್ಯ ಸರಿಯೇ ಎಂಬ ಪರಿಶೀಲನೆ ಬೇರೆ ಮಾಡಬೇಕು.

2. ಹೆಸರಿನ ಜಾಗದಲ್ಲಿ ಯಾರೋ ಸ್ಕ್ರಿಪ್ಟ್ ಬರೆದಿದ್ದರೆ ಅದು ಡೇಟಾಬೇಸ್‌ನಲ್ಲಿ ನಿರುಪದ್ರವಿಯಾಗಿ ಕೂರುತ್ತದೆ, ವೆಬ್ ಪುಟದಲ್ಲಿ ತೋರಿಸಿದಾಗ ಎದ್ದು ಕೂರುತ್ತದೆ. ತೋರಿಸುವ ಹೊತ್ತಿಗೆ ಎಚ್‌ಟಿಎಂಎಲ್ ಎಸ್ಕೇಪ್ ಮಾಡಿ.

3. ಟೇಬಲ್‌ನಿಂದ ಓದಿದ ಮೌಲ್ಯವನ್ನು ಇನ್ನೊಂದು ಕ್ವೆರಿಗೆ ಕೊಡುವಾಗಲೂ ಪ್ಯಾರಾಮೀಟರ್ ಬಳಸಿ. "ನಮ್ಮದೇ ಡೇಟಾಬೇಸ್‌ನಿಂದ ಬಂದದ್ದಲ್ಲವೇ" ಎಂಬ ನಂಬಿಕೆ ಬೇಡ. ಅದು ಅಲ್ಲಿಗೆ ಬಂದದ್ದೂ ಯಾರದೋ ಕೀಬೋರ್ಡಿನಿಂದ.

4. ಡೇಟಾಬೇಸ್‌ನ ಪೂರ್ತಿ ಎರರ್ ಸಂದೇಶವನ್ನು ಬಳಕೆದಾರರಿಗೆ ತೋರಿಸಬೇಡಿ. ಟೇಬಲ್ ಮತ್ತು ಕಾಲಂ ಹೆಸರುಗಳು ಅದರಲ್ಲಿ ಹೊರಬೀಳುತ್ತವೆ. ವಿವರ ಲಾಗ್‌ನಲ್ಲಿರಲಿ.

5. ನೋಂದಣಿ ಪ್ರೋಗ್ರಾಂ ಬಳಸುವ ಡೇಟಾಬೇಸ್ ಖಾತೆಗೆ ಟೇಬಲ್ ಅಳಿಸುವ ಹಕ್ಕು ಏಕೆ? ಬೇಕಾದಷ್ಟೇ ಹಕ್ಕು ಕೊಡಿ.

ಪರೀಕ್ಷಿಸಿ ನೋಡಿ

ಕೋಡ್ ಬರೆದ ಮೇಲೆ ಈ ಮೌಲ್ಯಗಳನ್ನು ಒಂದೊಂದಾಗಿ ಸೇರಿಸಿ, ಮತ್ತೆ ಓದಿ, ಕೊಟ್ಟದ್ದೂ ಬಂದದ್ದೂ ಒಂದೇ ಎಂದು ಖಚಿತಪಡಿಸಿಕೊಳ್ಳಿ:

1. ಡಿ'ಸೋಜಾ
2. ಕೃಷ್ಣ
3. ಉಡುಪಿ', 'ಅಡ್ಮಿನ್') --
4. ಮೂರು ಸಾಲಿನ ವಿಳಾಸ, ಕೊನೆಗೊಂದು ಎಮೋಜಿ
5. ಖಾಲಿ ಪಠ್ಯ ಮತ್ತು ನಲ್, ಎರಡೂ ಬೇರೆ ಬೇರೆಯಾಗಿ

ಮೂರನೆಯದು ಊರಿನ ಕಾಲಂನಲ್ಲಿ ಕೋಟ್ ಮತ್ತು ಗೆರೆಗಳ ಸಮೇತ ಹಾಗೆಯೇ ಕಂಡರೆ ನಿಮ್ಮ ಕೋಡ್ ಸರಿಯಾಗಿದೆ.

ಹಳೆಯ ಕೋಡ್ ಕೈಗೆ ಬಂದಿದ್ದರೆ

ಎಲ್ಲವನ್ನೂ ಒಂದೇ ದಿನ ಬದಲಿಸಲು ಹೊರಡಬೇಡಿ. ಇನ್ಸರ್ಟ್, ಅಪ್‌ಡೇಟ್, ಡಿಲೀಟ್, ಸೆಲೆಕ್ಟ್ ಎಂಬ ಪದಗಳನ್ನು ಇಡೀ ಪ್ರಾಜೆಕ್ಟಿನಲ್ಲಿ ಹುಡುಕಿ, ಪ್ಲಸ್ ಅಥವಾ ಎಫ್-ಸ್ಟ್ರಿಂಗ್ ಜೊತೆಗಿರುವ ಸಾಲುಗಳನ್ನು ಪಟ್ಟಿ ಮಾಡಿ. ಲಾಗಿನ್ ಇಲ್ಲದೆ ಯಾರು ಬೇಕಾದರೂ ತುಂಬಬಹುದಾದ ಫಾರಂಗಳನ್ನು ಮೊದಲು ಸರಿಪಡಿಸಿ, ಆಮೇಲೆ ಲಾಗಿನ್ ಪುಟ, ಕೊನೆಗೆ ಒಳಗಿನ ವರದಿಗಳು. ಪ್ರತಿ ಬದಲಾವಣೆಯ ನಂತರ ಮೇಲಿನ ಐದು ಪರೀಕ್ಷೆ ನಡೆಸಿ. ತಂಡದಲ್ಲಿ ಕೆಲಸ ಮಾಡುವವರು ಇನ್ನು ಮುಂದೆ ಒಂದು ನಿಯಮ ಪಾಲಿಸಿ: ಎಸ್‌ಕ್ಯೂಎಲ್ ಪಠ್ಯದೊಳಗೆ ಬಳಕೆದಾರರ ಮೌಲ್ಯ ಅಂಟಿಸಿದ ಒಂದು ಸಾಲು ಕಂಡರೂ, ಎಷ್ಟೇ ಅವಸರವಿರಲಿ, ಆ ಕೋಡ್ ಅನ್ನು ಒಪ್ಪಬೇಡಿ.